ದಡದ ಮೇಲಿನ ಹಾಯಿದೋಣಿ: ಭಾರ ಹೊರಬೇಕಾದ್ದು ಕೀಲ್

ನೀರಿನಲ್ಲಿರುವಾಗ ಕೀಲ್, ಅಂದರೆ ಹಾಯಿದೋಣಿಯ ತಳದ ಭಾರವಾದ ರೆಕ್ಕೆ, ದೋಣಿಗೆ ಜೋತುಬಿದ್ದಿರುತ್ತದೆ, ದಡಕ್ಕೆ ಬಂದರೆ ದೋಣಿಯೇ ಕೀಲ್ ಮೇಲೆ ಕೂರುತ್ತದೆ. 4.5 ಟನ್ ದೋಣಿಯಲ್ಲಿ ಕೀಲ್ 1.8 ಟನ್ ಇದ್ದರೆ, ಉಳಿದ 2.7 ಟನ್ ಅದರ ಮೂಲಕವೇ ನೆಲಕ್ಕಿಳಿಯಬೇಕು. ಪಕ್ಕದ ಸ್ಟ್ಯಾಂಡ್‌ಗಳದ್ದು ದೋಣಿ ವಾಲದಂತೆ ಹಿಡಿಯುವ ಕೆಲಸವಷ್ಟೇ.

ನಾನು ಹೆಚ್ಚು ಹೊತ್ತು ಕಳೆಯುವುದು ಕೀಲ್ ಅಡಿಯ ದಿಮ್ಮಿಗಳ ಹತ್ತಿರ. ಎಷ್ಟೋ ಫಿನ್ ಕೀಲ್‌ಗಳ (ಮೀನಿನ ರೆಕ್ಕೆಯಂತೆ ಕಿರಿದಾಗಿ ಆಳಕ್ಕಿಳಿಯುವವು) ತಳ ದೋಣಿಯ ನೀರ್ಗೆರೆಗೆ (ತೇಲುವಾಗ ನೀರಿನ ಮಟ್ಟ ತಾಗುವ ಗೆರೆಗೆ) ಸಮಾನಾಂತರವಾಗಿರುವುದಿಲ್ಲ. ಸಮತಟ್ಟು ದಿಮ್ಮಿಯ ಮೇಲೆ ಹಾಗೇ ಇಳಿಸಿದರೆ ಹಿಂದಿನ ತುದಿಯೊಂದೇ ಊರುತ್ತದೆ. ಆಗ ಕೀಲ್‌ನ ಹಿಂಭಾಗ ಹಲ್ (ದೋಣಿಯ ಹೊರಕವಚ) ಒಳಗೆ ನುಗ್ಗಲು ನೋಡುತ್ತದೆ, ಮುಂಭಾಗದ ಜೋಡಣೆ ಬಾಯಿಬಿಡುತ್ತದೆ. ಬಂಡೆಗೆ ಬಡಿದಾಗ ಆಗುವ ಪೆಟ್ಟೂ ಇದೇ ದಿಕ್ಕಿನದು. ಇಲ್ಲಿ ತಿಂಗಳುಗಟ್ಟಲೆ ನಿಧಾನವಾಗಿ ಬೀಳುತ್ತದೆ, ಅಷ್ಟೇ ವ್ಯತ್ಯಾಸ. ಹಾಗಾಗಿ ಗಟ್ಟಿಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಮುಂದೆ ಹಿಂದೆ ಎರಡೂ ಕಡೆ ಬೆಣೆ ಹೊಡೆಯುತ್ತೇನೆ. ಸಂದಿನಲ್ಲಿ ಕಾಗದದ ಚೂರು ತೂರಬಾರದು. ಸೀಸದ ಕೀಲ್ ಮೆತ್ತಗಿರುವುದರಿಂದ ದಿಮ್ಮಿಯ ಚೂಪು ಅಂಚು ಅದಕ್ಕೆ ತಾಗಬಾರದು.

ಸ್ಟ್ಯಾಂಡ್‌ನ ಪ್ಯಾಡ್ ಒಳಗಿನ ಬಲ್ಕ್‌ಹೆಡ್‌ಗೆ (ಅಡ್ಡಗೋಡೆಗೆ) ನೇರವಾಗಿ ಕೂರಬೇಕು. ಜಾಗ ತಿಳಿಯದಿದ್ದರೆ ಹಲ್ ತಟ್ಟುತ್ತಾ ಹೋಗಿ, ಬಲ್ಕ್‌ಹೆಡ್ ಇರುವಲ್ಲಿ ಸದ್ದು ಬದಲಾಗುತ್ತದೆ. ಎದುರು ಬದುರು ಸ್ಟ್ಯಾಂಡ್‌ಗಳನ್ನು ಕೆಳಗೆ ಸರಪಳಿಯಿಂದ ಬಿಗಿಯಬೇಕು, ಇಲ್ಲವಾದರೆ ಕಾಲುಗಳು ಹೊರಕ್ಕೆ ಜಾರುತ್ತವೆ. ಮಣ್ಣಿನ ನೆಲವಾದರೆ ಪ್ರತಿ ಕಾಲಿನಡಿ ಪ್ಲೈವುಡ್ ತುಂಡು. ಸ್ಟ್ಯಾಂಡ್‌ನ ಸ್ಕ್ರೂ ಅತಿಯಾಗಿ ತಿರುಗಿಸಿದರೆ ಹಲ್ ಒಳಕ್ಕೆ ತಗ್ಗಾಗುತ್ತದೆ. ಕ್ಯಾಬಿನ್ ಬಾಗಿಲು ಇದ್ದಕ್ಕಿದ್ದಂತೆ ಸಿಕ್ಕಿಹಾಕಿಕೊಂಡರೆ ಮೊದಲು ಸ್ಟ್ಯಾಂಡ್ ನೋಡಿ. ಟಾರ್ಪಾಲಿನ್ ಹಗ್ಗವನ್ನಂತೂ ಸ್ಟ್ಯಾಂಡ್‌ಗೆ ಕಟ್ಟಲೇಬೇಡಿ, ಒಂದು ಗಾಳಿಗೆ ಸ್ಟ್ಯಾಂಡೇ ಕಿತ್ತುಕೊಂಡು ಹೋಗುತ್ತದೆ.

ಜೋರು ಮಳೆಯಾದ ಮೇಲೆ ಮತ್ತೊಮ್ಮೆ ನೋಡಲೇಬೇಕು. ಹೆಚ್ಚು ಭಾರವಿರುವ ಕೀಲ್ ದಿಮ್ಮಿಗಳು ಮೊದಲು ಕುಸಿಯುತ್ತವೆ, ಆ ಭಾರ ಸದ್ದಿಲ್ಲದೆ ಸ್ಟ್ಯಾಂಡ್‌ಗಳ ಮೇಲೆ ಬೀಳುತ್ತದೆ. ಒಂದು ಸ್ಟ್ಯಾಂಡ್ ಸರಿಸುವ ಮುನ್ನ ಪಕ್ಕದಲ್ಲಿ ಇನ್ನೊಂದು ನಿಲ್ಲಿಸಿಕೊಳ್ಳಿ. ಚಳಿ ಪ್ರದೇಶದಲ್ಲಿ ಬಿಲ್ಜ್ (ದೋಣಿಯೊಳಗಿನ ತಳಭಾಗ) ಪೂರ್ತಿ ಒಣಗಿಸಿ: ನೀರು ಹೆಪ್ಪುಗಟ್ಟಿದರೆ ಸುಮಾರು 9% ಹಿಗ್ಗುತ್ತದೆ, ಫೈಬರ್‌ಗ್ಲಾಸ್ ಒಳಗೇ ಭಾರ ತುಂಬಿದ ಕೀಲ್ ಆದರೆ ಪದರಗಳೇ ಬಿಟ್ಟುಕೊಳ್ಳುತ್ತವೆ.

ಈಗಾಗಲೇ ಹಾನಿಯಾಗಿದೆಯೇ ಎಂದು ನೋಡಲು ಸ್ಲಿಂಗ್‌ನಲ್ಲಿ (ಎತ್ತುವ ಪಟ್ಟಿಗಳಲ್ಲಿ) ಎತ್ತಿದ ಹೊತ್ತೇ ಸರಿ. ಕೀಲ್ ಜೋತಾಡುತ್ತಿರುವಾಗ ಮುಂಭಾಗದ ಜೋಡಣೆಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಹಾಕಿ ನೋಡುತ್ತೇನೆ. ಬಣ್ಣದಲ್ಲಷ್ಟೇ ಕೂದಲೆಳೆಯ ಬಿರುಕಿದ್ದು ಗೇಜ್ ಒಳಹೋಗದಿದ್ದರೆ ಬಹುತೇಕ ಫಿಲ್ಲರ್‌ನ (ಸಂದು ಮುಚ್ಚುವ ಪುಟ್ಟಿಯ) ದೋಷ. ಹೋದರೆ, ಅಥವಾ ದಡಕ್ಕೇರಿಸಿ ದಿನಗಳಾದರೂ ಅಲ್ಲಿಂದ ತುಕ್ಕುನೀರು ಜಿನುಗುತ್ತಿದ್ದರೆ, ಒಳಗಿನ ಕೆಲಸ ಶುರು. ಕೀಲ್‌ನ ಹಿಂತುದಿಗೆ ಸರಿಯಾಗಿ ಬಿಲ್ಜ್‌ನ ಅಡ್ಡಪಟ್ಟಿಗಳಲ್ಲಿ ಬಿರುಕು ಹುಡುಕಿ, ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿ. ಮಂದ ಸದ್ದು ಬಂದರೆ ಪದರ ಬಿಟ್ಟಿದೆ. ಕೀಲ್ ಹಿಡಿದಿರುವ ಬೋಲ್ಟ್‌ಗಳ ನಟ್ ಬಿಗಿಯುವುದು ದೋಣಿ ದಿಮ್ಮಿಯ ಮೇಲೆ ಕೂತ ಮೇಲೆ, ತಯಾರಕರು ಕೊಟ್ಟ ಟಾರ್ಕ್‌ಗೆ (ತಿರುಚುಬಲಕ್ಕೆ). ಸ್ಟೇನ್‌ಲೆಸ್ ಬೋಲ್ಟ್‌ನ ಮೇಲ್ತುದಿ ಹೊಳೆಯುತ್ತಿದೆಯೆಂದು ನಂಬಬೇಡಿ. ಆಮ್ಲಜನಕ ಸಿಗದ ಜೋಡಣೆಯ ಸಂದಿನಲ್ಲೇ ಅದು ಸವೆಯುವುದು. ಅನುಮಾನ ಬಂದರೆ ಒಂದನ್ನು ಹೊರತೆಗೆದು ಆ ಭಾಗದ ದಪ್ಪ ಅಳೆಯುತ್ತೇನೆ.