ಇಡ್ಲಿ-ದೋಸೆ ಲೆಕ್ಕ: ಆದೇಶ ವಿಧಾನದಲ್ಲಿ ಆವರಣ ಮರೆಯಬೇಡಿ

ಮಹಾರಾಷ್ಟ್ರ ಬೋರ್ಡಿನ 10ನೇ ತರಗತಿಯ ಬೀಜಗಣಿತ ಶುರುವಾಗುವುದೇ ಎರಡು ಚರಾಕ್ಷರಗಳ ಸಮೀಕರಣಗಳಿಂದ. ಸಮೀಕರಣವನ್ನೇ ಕೊಟ್ಟರೆ ಮುಂಬೈಯ ಮಕ್ಕಳು ಸಲೀಸಾಗಿ ಬಿಡಿಸುತ್ತಾರೆ. ಅದನ್ನೇ ಮಾತಿನಲ್ಲಿ ಕೇಳಿದರೆ ಪೆನ್ನು ನಿಲ್ಲುತ್ತದೆ.

ಲೆಕ್ಕ ಹೀಗಿರಲಿ: ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ 3 ಪ್ಲೇಟ್ ಇಡ್ಲಿ, 2 ಮಸಾಲೆ ದೋಸೆಗೆ ಬಿಲ್ಲು 340 ರೂಪಾಯಿ. ದೋಸೆಯ ಬೆಲೆ ಒಂದು ಪ್ಲೇಟ್ ಇಡ್ಲಿ ಬೆಲೆಯ ಎರಡರಷ್ಟಕ್ಕಿಂತ 40 ರೂಪಾಯಿ ಕಡಿಮೆ. ಯಾವುದಕ್ಕೆ ಎಷ್ಟು?

ಮೊದಲು ಅಕ್ಷರ. ‘ಇ = ಇಡ್ಲಿ’ ಎಂದು ಬರೆಯಲೇಬೇಡಿ; ‘ಇ = ಒಂದು ಪ್ಲೇಟ್ ಇಡ್ಲಿಯ ಬೆಲೆ, ರೂಪಾಯಿಯಲ್ಲಿ’ ಎಂದು ಪೂರ್ತಿ ಬರೆಯಿರಿ. ಇಲ್ಲದಿದ್ದರೆ 3ಇ ಎಂಬುದು ಮೂರು ಪ್ಲೇಟಿನ ದುಡ್ಡಾಗಿ ಕಾಣದೆ ಮೂರು ಪ್ಲೇಟ್ ಇಡ್ಲಿಯಾಗಿಯೇ ಕಾಣುತ್ತದೆ. ದ ಎಂದರೆ ಒಂದು ದೋಸೆಯ ಬೆಲೆ.

ಬಿಲ್ಲಿನ ವಾಕ್ಯ ಸುಲಭ: 3ಇ + 2ದ = 340.

ಎಡವುವುದು ಎರಡನೆಯ ವಾಕ್ಯದಲ್ಲಿ. ‘40 ಕಡಿಮೆ’ ಕಂಡೊಡನೆ ಅನೇಕರು ದ = 40 − 2ಇ ಎಂದು ಬರೆದುಬಿಡುತ್ತಾರೆ. ‘ಕ್ಕಿಂತ’ ಯಾವುದಕ್ಕೆ ಅಂಟಿದೆಯೋ ಅದರಿಂದಲೇ ಕಳೆಯಬೇಕು. ಇಲ್ಲಿ ಅದು ಎರಡರಷ್ಟಕ್ಕೆ ಅಂಟಿದೆ: ದ = 2ಇ − 40. ಅನುಮಾನವಿದ್ದರೆ ಇಡ್ಲಿಗೆ 50 ಎಂದು ಇಟ್ಟು ನೋಡಿ. ದೋಸೆ 60 ಬಂತು, ಸರಿ. ತಿರುಗಿಸಿ ಬರೆದರೆ ದೋಸೆಗೆ ಮೈನಸ್ 60!

ಈಗ ದ ಇರುವಲ್ಲಿ 2ಇ − 40 ಅನ್ನು ಆದೇಶಿಸಿ, ಅಂದರೆ ಅದರ ಜಾಗದಲ್ಲಿ ಇಡಿ (ಇದೇ ಆದೇಶ ವಿಧಾನ), ಆವರಣದ ಸಮೇತ: 3ಇ + 2(2ಇ − 40) = 340. ಆವರಣ ಬಿಟ್ಟವರು 2ನ್ನು ಇ-ಗೆ ಮಾತ್ರ ಗುಣಿಸಿ 7ಇ = 380 ಎಂಬಲ್ಲಿಗೆ ಬಂದು, 54.29 ರೂಪಾಯಿಯ ಇಡ್ಲಿ ಬಡಿಸುತ್ತಾರೆ. 40ನ್ನೂ ಗುಣಿಸಬೇಕು: 3ಇ + 4ಇ − 80 = 340, ಅಂದರೆ 7ಇ = 420, ಇ = 60. ಆವರಣದ ಹಿಂದೆ ಮೈನಸ್ ಇದ್ದರೆ ಇನ್ನೂ ಎಚ್ಚರ: −2(2ಇ − 40) ಬಿಡಿಸಿದರೆ −4ಇ + 80. ಆವರಣ ಬಿಡಿಸುವ ಸಾಲನ್ನೇ ನುಂಗಿ ನೇರ ಉತ್ತರ ಕೊಡುವ ಗೈಡುಗಳಿಗೆ ದುಡ್ಡು ಹಾಕಬೇಡಿ. ಫೋಟೊ ತೆಗೆದರೆ ಬಿಡಿಸಿಕೊಡುವ ಆ್ಯಪ್ ಉತ್ತರ ತಾಳೆ ನೋಡಲಿಕ್ಕಷ್ಟೇ ಸಾಕು.

ದ = 2 × 60 − 40 = 80.

ತಾಳೆಯನ್ನು ಬಿಲ್ಲಿನೊಂದಿಗೆ ನೋಡಿ: 180 + 160 = 340. ದ-ವನ್ನು ಕಂಡುಹಿಡಿದ ಸಮೀಕರಣಕ್ಕೇ ಮತ್ತೆ ಹಾಕಿದರೆ ಅದು ಹೊಂದಿಯೇ ಹೊಂದುತ್ತದೆ, ಇ ತಪ್ಪಿದ್ದರೂ.

ಎರಡನೆಯ ಸುಳಿವೂ ಇನ್ನೊಂದು ಬಿಲ್ಲೇ ಆಗಿದ್ದರೆ, ಉದಾಹರಣೆಗೆ 5ಇ + 3ದ = 540, ಆದೇಶ ವಿಧಾನ ಬಿಡಿ. ಭಿನ್ನರಾಶಿಗಳಲ್ಲಿ ಕೈ ಸಿಕ್ಕಿಕೊಳ್ಳುತ್ತದೆ. ಮೊದಲನೆಯದನ್ನು 3ರಿಂದ, ಎರಡನೆಯದನ್ನು 2ರಿಂದ ಗುಣಿಸಿ ಕಳೆದರೆ ದ ತಾನೇ ಹೋಗುತ್ತದೆ.