ಡಮ್ಮಿ ಇಳಿದಾಗ ಕೈ ತಡೆಯಿರಿ: ಬ್ರಿಡ್ಜ್ ಆಟದಲ್ಲಿ ಒಂಬತ್ತು ಟ್ರಿಕ್‌ಗಳ ಲೆಕ್ಕ

ಬಿಡ್ಡಿಂಗ್, ಅಂದರೆ ಎಷ್ಟು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಗೆಲ್ಲುತ್ತೇವೆ ಎಂದು ಕೂಗುವ ಹರಾಜು, ಮುಗಿದಿದೆ. ನೀವು 1 ನೋ ಟ್ರಂಪ್ (ತುರುಫು ಜಾತಿ ಇಲ್ಲದ ಆಟ) ಎಂದಿರಿ, ಜೊತೆಗಾರರು ನೇರವಾಗಿ 3 ನೋ ಟ್ರಂಪ್‌ಗೆ ಏರಿಸಿದರು. ಹದಿಮೂರರಲ್ಲಿ ಒಂಬತ್ತು ಟ್ರಿಕ್ ಗೆಲ್ಲುವ ಹೊಣೆ ಈಗ ನಿಮ್ಮದು. ಎಡಗಡೆಯವರು ಆಟೀನು 6 ಇಳಿಸುತ್ತಾರೆ, ಡಮ್ಮಿಯ ಎಲೆಗಳು ಮೇಜಿನ ಮೇಲೆ ಹರಡಿಕೊಳ್ಳುತ್ತವೆ. ಡಮ್ಮಿ ಎಂದರೆ ನಿಮ್ಮ ಜೊತೆಗಾರರು; ಅವರ ಎಲೆಗಳನ್ನೂ ಇನ್ನು ನೀವೇ ಆಡುತ್ತೀರಿ. ಹೊಸಬರ ಕೈ ತಕ್ಷಣ ಡಮ್ಮಿಯತ್ತ ಓಡುತ್ತದೆ. ದಯವಿಟ್ಟು ತಡೆಯಿರಿ. ನಿಮ್ಮ ಎಲೆಗಳನ್ನು ಮಗುಚಿ ಮೇಜಿನ ಮೇಲಿಡಿ, ಯೋಚನೆ ಮುಗಿದ ಮೇಲೆ ಎತ್ತಿಕೊಳ್ಳಿ. ಎಷ್ಟೋ ಆಟಗಳು ಕೈತಪ್ಪುವುದು ಈ ಮೊದಲ ಟ್ರಿಕ್‌ನಲ್ಲೇ.

2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಭಾರತಕ್ಕೆ ಚಿನ್ನ ತಂದದ್ದು ಇದೇ ಆಟದಲ್ಲಿ. ಇಂಥ ಸ್ಪರ್ಧೆಗಳಲ್ಲಿ ಒಂದೇ ಹಂಚಿಕೆಯ ಎಲೆಗಳನ್ನು ಬೇರೆ ಬೇರೆ ಮೇಜುಗಳಲ್ಲಿ ಆಡಿಸುತ್ತಾರೆ. ಎಲೆ ಚೆನ್ನಾಗಿ ಬರಲಿಲ್ಲ ಎಂಬ ನೆಪ ಅಲ್ಲಿ ನಡೆಯುವುದಿಲ್ಲ. ಅದೇ ಎಲೆಗಳಲ್ಲಿ ಒಬ್ಬರು ಒಂಬತ್ತು ಗೆದ್ದು ಇನ್ನೊಬ್ಬರು ಎಂಟಕ್ಕೆ ನಿಂತರೆ, ವ್ಯತ್ಯಾಸ ಇರುವುದು ಯೋಜನೆಯಲ್ಲಿ.

ಈಗ ನಮ್ಮ ಎಲೆಗಳನ್ನು ನೋಡೋಣ.

ನಿಮ್ಮ ಕೈ: ಇಸ್ಪೀಟು ಎಕ್ಕ, 8, 3; ಆಟೀನು ಎಕ್ಕ, 7, 4; ಡೈಮಂಡ್ ರಾಣಿ, 8, 5; ಕಳಾವರ್ ಎಕ್ಕ, ರಾಜ, 5, 4.

ಡಮ್ಮಿ: ಇಸ್ಪೀಟು ರಾಜ, 7, 4, ಆಟೀನು 8, 3, ಡೈಮಂಡ್ ಎಕ್ಕ, ಗುಲಾಮ, 10, 9, 2, ಕಳಾವರ್ 9, 6, 2.

ಮೊದಲು ಎಣಿಕೆ

ಎದುರಾಳಿಗಳಿಗೆ ಒಂದನ್ನೂ ಬಿಟ್ಟುಕೊಡದೆ ಗೆಲ್ಲಬಹುದಾದ ಟ್ರಿಕ್‌ಗಳನ್ನು ಮಾತ್ರ ಎಣಿಸಿ. ಇಸ್ಪೀಟಿನಲ್ಲಿ ಎರಡು, ಆಟೀನಿನಲ್ಲಿ ಒಂದು, ಡೈಮಂಡ್‌ನಲ್ಲಿ ಒಂದು, ಕಳಾವರ್‌ನಲ್ಲಿ ಎರಡು. ಒಟ್ಟು ಆರು, ಇನ್ನೂ ಮೂರು ಬೇಕು. ಎಲ್ಲಿಂದ? ಡೈಮಂಡ್‌ನಿಂದಲೇ. ರಾಜನಿಗೆ ಒಂದು ಟ್ರಿಕ್ ಬಿಟ್ಟುಕೊಟ್ಟರೂ ಅಲ್ಲಿ ನಾಲ್ಕು ಸಿಗುತ್ತವೆ, ಒಂಬತ್ತು ಭರ್ತಿಯಾಗುತ್ತದೆ. ಅನೇಕರು ಇಲ್ಲಿಗೇ ಲೆಕ್ಕ ನಿಲ್ಲಿಸಿ ಆಟೀನಿನ ಎಕ್ಕ ಹಾಕಿಬಿಡುತ್ತಾರೆ. ಆಟ ಕೆಡುವುದು ಅಲ್ಲಿಯೇ.

ಅಪಾಯ ಯಾರ ಕೈಯಲ್ಲಿದೆ?

ಎದುರಾಳಿಗಳ ಬಳಿ ಎಂಟು ಆಟೀನುಗಳಿವೆ. ಎಡಗಡೆಯವರು ತಮ್ಮ ಉದ್ದ ಜಾತಿಯ ನಾಲ್ಕನೆಯ ದೊಡ್ಡ ಎಲೆಯನ್ನು ಇಳಿಸಿದ್ದಾರೆ ಎಂದುಕೊಳ್ಳಿ. ಆಗ 11ರಿಂದ ಆ ಎಲೆಯ ಅಂಕಿ ಕಳೆಯಿರಿ: 11ರಲ್ಲಿ 6 ಹೋದರೆ 5. ಉಳಿದ ಮೂರು ಕೈಗಳಲ್ಲಿ ಆರಕ್ಕಿಂತ ದೊಡ್ಡ ಆಟೀನು ಇರುವುದು ಐದೇ. ಮೂರು ನಿಮಗೆ ಕಾಣುತ್ತಿವೆ: ಡಮ್ಮಿಯ 8, ನಿಮ್ಮ ಎಕ್ಕ ಮತ್ತು 7. ಬಲಗಡೆಯವರಿಗೆ ಉಳಿಯುವುದು ಎರಡು. ಅವರು ರಾಣಿ ಹಾಕಿದರೆ ಇನ್ನು ಒಂದು ಮಾತ್ರ. ಎದುರಾಳಿಯ ಕೈಯನ್ನು ಹೀಗೆ ಓದಲು ಬಂದ ದಿನ ಈ ಆಟ ನಿಮ್ಮನ್ನು ಹಿಡಿದುಕೊಳ್ಳುತ್ತದೆ.

ಎಡಗಡೆಯವರ ಬಳಿ ಐದು ಆಟೀನು, ಬಲಗಡೆಯವರ ಬಳಿ ಮೂರು ಇವೆ, ಡೈಮಂಡ್ ರಾಜನೂ ಬಲಗಡೆಯೇ ಇದ್ದಾನೆ ಎನ್ನಿ. ಮೊದಲ ಟ್ರಿಕ್‌ನಲ್ಲೇ ಎಕ್ಕ ಹಾಕಿದರೆ ಏನಾಗುತ್ತದೆ? ನೀವು ಡೈಮಂಡ್ ಆಡಿದಾಗ ರಾಜನಿಂದ ಗೆದ್ದ ಬಲಗಡೆಯವರು ಆಟೀನನ್ನೇ ಮರಳಿಸುತ್ತಾರೆ, ಎಡಗಡೆಯವರು ನಾಲ್ಕು ಟ್ರಿಕ್ ಬಾಚಿಕೊಳ್ಳುತ್ತಾರೆ. ನಿಮಗೆ ಎಂಟೇ.

ಆದ್ದರಿಂದ ಎಕ್ಕವನ್ನು ಹಿಡಿದಿಡಿ. ಎಷ್ಟು ಸಲ? 7ರಿಂದ ನಿಮ್ಮಿಬ್ಬರ ಕೈಯ ಆಟೀನುಗಳನ್ನು ಕಳೆಯಿರಿ: 7ರಲ್ಲಿ 5 ಹೋದರೆ 2. ಎರಡು ಸಲ ಬಿಟ್ಟು, ಮೂರನೆಯ ಸಲ ಗೆಲ್ಲಿರಿ. ಆ ಹೊತ್ತಿಗೆ ಬಲಗಡೆಯವರ ಆಟೀನು ಬರಿದಾಗಿರುತ್ತದೆ.

ಈಗ ಡೈಮಂಡ್ ರಾಣಿಯನ್ನು ಇಳಿಸಿ. ಎಡಗಡೆಯವರು ಸಣ್ಣ ಎಲೆ ಹಾಕಿದರೆ ಡಮ್ಮಿಯಿಂದ 2 ಸಾಕು. ಬಲಗಡೆಯವರು ರಾಜನಿಂದ ಗೆಲ್ಲಲಿ, ಮರಳಿಸಲು ಅವರ ಬಳಿ ಆಟೀನು ಇಲ್ಲ. ಇಸ್ಪೀಟು, ಕಳಾವರ್, ಡೈಮಂಡ್ ಯಾವುದು ಬಂದರೂ ನೀವೇ ಗೆದ್ದು ಉಳಿದ ನಾಲ್ಕು ಡೈಮಂಡ್ ಎಳೆಯುತ್ತೀರಿ. ಆಟೀನು ನಾಲ್ಕು–ನಾಲ್ಕಾಗಿ ಹಂಚಿಹೋಗಿದ್ದರೂ ಹೆದರಬೇಕಿಲ್ಲ: ಮೂರು ಆಟೀನು, ಒಂದು ಡೈಮಂಡ್, ಕಳೆದುಕೊಳ್ಳುವುದು ನಾಲ್ಕೇ.

ಹಿಡಿದಿಡುವುದು ಎಲ್ಲ ಕಡೆಯೂ ಸರಿಯಲ್ಲ. ನಿಮ್ಮ ಕಳಾವರ್‌ನಲ್ಲಿ ಎಕ್ಕ, ರಾಜ ಇಲ್ಲದಿದ್ದರೆ, ಎದುರಾಳಿಗಳು ಆಟೀನು ಬಿಟ್ಟು ಆ ಕಡೆ ತಿರುಗಿಕೊಳ್ಳುತ್ತಾರೆ. ಬಿಟ್ಟುಕೊಡುವ ಮೊದಲು ಉಳಿದ ಮೂರು ಜಾತಿಗಳ ಬಾಗಿಲು ಭದ್ರವೇ ಎಂದು ನೋಡಿ.

ತುರುಫಿನ ಆಟದಲ್ಲಾದರೆ, ಅಂದರೆ ಒಂದು ಜಾತಿಯ ಎಲೆಗಳು ಉಳಿದ ಜಾತಿಗಳನ್ನು ಕತ್ತರಿಸುವ ಆಟದಲ್ಲಿ, ಸೋಲುವ ಟ್ರಿಕ್‌ಗಳನ್ನು ಎಣಿಸುವುದು ಸುಲಭ. ಎದುರಾಳಿಗಳ ತುರುಫು ಎಳೆದು ಮುಗಿಸುವ ಮುನ್ನ ಡಮ್ಮಿಯಲ್ಲಿ ತುರುಫು ಹಾಕಿ ಕತ್ತರಿಸಬೇಕಾದ ಎಲೆ ಇದೆಯೇ ಎಂದು ಕೇಳಿಕೊಳ್ಳಿ.

ಇಂದು ಸಂಜೆಯೇ ಒಂದು ಕಟ್ಟು ತೆಗೆದು ಈ ಎಲೆಗಳನ್ನು ಹರಡಿ. ಎಡಕ್ಕೆ ಆಟೀನು ರಾಜ, ಗುಲಾಮ, 9, 6, 2. ಬಲಕ್ಕೆ ರಾಣಿ, 10, 5 ಮತ್ತು ಡೈಮಂಡ್ ರಾಜ. ಮಿಕ್ಕವನ್ನು ಹೇಗಾದರೂ ಹಂಚಿ ಇಬ್ಬರಿಗೂ ಹದಿಮೂರು ತುಂಬಿಸಿ. ಒಮ್ಮೆ ಎಕ್ಕವನ್ನು ಮೊದಲೇ ಹಾಕಿ ಆಡಿ, ಇನ್ನೊಮ್ಮೆ ಎರಡು ಸಲ ಬಿಟ್ಟು ಆಡಿ.