ಮನೆಯೊಳಗೆ ನೀರು ಸೋರಿದೆ, ಇನ್ಶೂರೆನ್ಸ್ ಕ್ಲೇಮ್ ಹಾಕೋದಾ ಬೇಡ್ವಾ?

ಅಮೆರಿಕದಲ್ಲಿ ಸ್ವಂತ ಮನೆ ಇರುವವರಿಗೆ ಇದು. ಮೊದಲು ಮೇನ್ ವಾಲ್ವ್ ಬಂದ್ ಮಾಡಿ. ಆಮೇಲೆ, ಒರೆಸೋಕೆ ಮುಂಚೆ, ಫೋಟೊ ಮತ್ತು ವಿಡಿಯೊ ತೆಗೆಯಿರಿ. ನೆಂದ ಕಾರ್ಪೆಟ್, ಗೋಡೆ ಮೇಲೆ ನೀರು ಎಲ್ಲಿಯವರೆಗೆ ಏರಿದೆ ಅನ್ನೋ ಗೆರೆ, ಒಡೆದ ಪೈಪು, ಎಲ್ಲ ಬರಲಿ. ಪ್ಲಂಬರ್ ಹಳೇ ಪೈಪಿನ ತುಂಡನ್ನು ಕಸಕ್ಕೆ ಎಸೆಯಲು ಬಿಡಬೇಡಿ, ಅದು ದಿಢೀರನೆ ಒಡೆದದ್ದೋ ಹಳೇ ಸೋರಿಕೆಯೋ ಅನ್ನೋದಕ್ಕೆ ಸಾಕ್ಷಿ ಅದೇ.

ಒಣಗಿಸೋಕೆ ಯಾರ ಅಪ್ಪಣೆಗೂ ಕಾಯಬೇಡಿ. 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಸ್ಟು ಹಿಡಿಯೋಕೆ ಶುರುವಾಗುತ್ತದೆ. ಹಾನಿ ಹೆಚ್ಚಾಗದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ ಅಂತ ಪಾಲಿಸಿಯಲ್ಲೇ ಇರುತ್ತದೆ. ಫ್ಯಾನ್, ಡಿಹ್ಯುಮಿಡಿಫೈಯರ್ ಬಾಡಿಗೆಯ ಬಿಲ್ ಎತ್ತಿಡಿ.

ಈಗ ನಿಜವಾದ ಪ್ರಶ್ನೆ: ನೀರು ಎಲ್ಲಿಂದ ಬಂತು? ಎಷ್ಟು ಹಾಳಾಗಿದೆ ಅನ್ನೋದಕ್ಕಿಂತ ಮೊದಲು ಇದನ್ನು ಕೇಳಿಕೊಳ್ಳಿ. ಪೈಪು ಇದ್ದಕ್ಕಿದ್ದಂತೆ ಒಡೆದರೆ, ವಾಷಿಂಗ್ ಮೆಷಿನ್ ಹೋಸ್ ಕಿತ್ತುಬಂದರೆ ಸಾಮಾನ್ಯವಾಗಿ ಕವರ್ ಇರುತ್ತದೆ. ಸಿಂಕ್ ಕೆಳಗೆ ತಿಂಗಳುಗಟ್ಟಲೆ ತೊಟ್ಟಿಕ್ಕಿ ಹಲಗೆ ಕೊಳೆತಿದ್ದರೆ ಬಹುತೇಕ ಇಲ್ಲ. ಹೊರಗಿನ ನೆರೆ ನೀರು ಒಳಗೆ ಬಂದರೆ ಮಾಮೂಲಿ ಪಾಲಿಸಿ ಕೊಡುವುದಿಲ್ಲ, ಅದಕ್ಕೆ ಫ್ಲಡ್ ಇನ್ಶೂರೆನ್ಸ್ ಬೇರೆ. ಚರಂಡಿ ನೀರು ವಾಪಸ್ ಉಕ್ಕಿದರೂ, ಅದಕ್ಕೆಂದೇ ಒಂದು ಹೆಚ್ಚುವರಿ ಕವರ್ ತೆಗೆದುಕೊಂಡಿರಬೇಕು. ಇನ್ನೊಂದು ವಿಚಿತ್ರ ಇದೆ: ಕವರ್ ಇದ್ದಾಗಲೂ ಹಾಳಾದ ಪೈಪಿನ ರಿಪೇರಿ ಖರ್ಚು ನಿಮ್ಮದೇ, ಆದರೆ ಅದನ್ನು ತಲುಪೋಕೆ ಗೋಡೆ ಒಡೆದು ಮತ್ತೆ ಕಟ್ಟುವ ಖರ್ಚು ಸಾಮಾನ್ಯವಾಗಿ ಸಿಗುತ್ತದೆ.

ಕವರ್ ಇರೋ ಹಾಗಿದೆ ಅನ್ನಿಸಿದರೆ ಲೆಕ್ಕ ಹಾಕಿ. ರಿಪೇರಿಗೆ 3,200 ಡಾಲರ್, ಡಿಡಕ್ಟಿಬಲ್ (ಕ್ಲೇಮ್‌ನಲ್ಲಿ ನಿಮ್ಮ ಪಾಲಿಗೆ ಬಿಟ್ಟ ಮೊತ್ತ) 2,500 ಅಂದುಕೊಳ್ಳಿ. ಕೈಗೆ ಬರೋದು 700. ಪ್ರೀಮಿಯಂ ವರ್ಷಕ್ಕೆ 150 ಏರಿದರೆ ಐದು ವರ್ಷದಲ್ಲಿ ಅದೂ ಹೋಯಿತು! ಕ್ಲೇಮ್ ಇಲ್ಲದವರಿಗೆ ಕೊಡುವ ರಿಯಾಯಿತಿ ಇದ್ದರೆ ಅದಕ್ಕೂ ಕುತ್ತು. ಕ್ಲೇಮ್‌ಗಳ ಇತಿಹಾಸ ಕ್ಲೂ (CLUE) ರಿಪೋರ್ಟ್ ಅನ್ನೋ, ಇನ್ಶೂರೆನ್ಸ್ ಕಂಪನಿಗಳು ಹಂಚಿಕೊಳ್ಳುವ ದಾಖಲೆಯಲ್ಲಿ ಏಳು ವರ್ಷದವರೆಗೆ ಉಳಿಯುತ್ತದೆ, ಕಂಪನಿ ಬದಲಾಯಿಸಿದರೂ ಹೊಸಬರು ಅದನ್ನು ನೋಡುತ್ತಾರೆ. ನನ್ನ ಪ್ರಕಾರ, ಕೈಗೆ ಬರೋ ದುಡ್ಡು ಡಿಡಕ್ಟಿಬಲ್‌ನಷ್ಟಾದರೂ ಇಲ್ಲದಿದ್ದರೆ ಸುಮ್ನೆ ಜೇಬಿನಿಂದಲೇ ಕೊಟ್ಟುಬಿಡುವುದು ವಾಸಿ.

ಆದರೆ ಆ 3,200 ನಿಜವಾದ ಅಂಕಿಯೇ ಅಲ್ವಾ ಅನ್ನೋದು ಮೊದಲು ಖಾತ್ರಿಯಾಗಬೇಕು. ಡಿಶ್‌ವಾಷರ್ ಸೋರಿದಾಗ ಮೇಲೆ ಕಾಣೋದು ಒಂದೆರಡು ಉಬ್ಬಿದ ಹಲಗೆ ಅಷ್ಟೇ. ಕ್ಯಾಬಿನೆಟ್ ಬುಡದ ಪಟ್ಟಿ ಕಳಚಿ, ಟಾರ್ಚ್ ಬಿಟ್ಟು ನೋಡಿದರೆ ಹಿಂದಿನ ಡ್ರೈವಾಲ್ (ಜಿಪ್ಸಂ ಹಲಗೆಯ ಗೋಡೆ) ಬುಡವೆಲ್ಲ ಕಪ್ಪಾಗಿರುತ್ತದೆ, ಬೆರಳಿಟ್ಟರೆ ಮೆತ್ತಗೆ ಒಳಹೋಗುತ್ತದೆ. ತೇವ ಅಳೆಯುವ ಮೀಟರ್ ಇರುವವರನ್ನು ಕರೆಸಿ, ಎಲ್ಲಿಯವರೆಗೆ ನೆಂದಿದೆ ಅಂತ ಬರೆಸಿಕೊಂಡು, ಎಸ್ಟಿಮೇಟ್ ತೆಗೆದುಕೊಂಡ ಮೇಲಷ್ಟೇ ತೀರ್ಮಾನ ಮಾಡಿ. ಹಾಗಂತ ವಾರಗಟ್ಟಲೆ ಎಳೆಯಬೇಡಿ. ತಡವಾಗಿ ತಿಳಿಸಿದ್ದೇ ಕ್ಲೇಮ್ ತಳ್ಳಿಹಾಕೋಕೆ ಕಾರಣವಾಗಬಹುದು. ಮೇಲಿನ ಮಹಡಿಯಿಂದ ನೀರು ಸುರಿದು ಚಾವಣಿಯೇ ಕುಸಿದಿದ್ದರೆ ಇಷ್ಟೆಲ್ಲ ಯೋಚನೆ ಬೇಡ, ಅವತ್ತೇ ಫೋನ್ ಮಾಡಿ.

ಸಣ್ಣದಾದರೆ ಫೋನ್ ಮಾಡೋಕೆ ಮುಂಚೆ ಪಾಲಿಸಿ ನೀವೇ ಓದಿ. 'ಸುಮ್ನೆ ಕೇಳೋಣ ಅಂತ' ಕ್ಲೇಮ್ ವಿಭಾಗಕ್ಕೆ ಕರೆ ಮಾಡಿ ಕಥೆಯೆಲ್ಲ ಹೇಳಿದರೆ ಅದೇ ಕ್ಲೇಮ್ ಅಂತ ದಾಖಲಾಗಬಹುದು, ಒಂದು ಡಾಲರ್ ಬರದಿದ್ದರೂ.

ಒಣಗಿಸೋಕೆ ಬಂದ ಕಂಪನಿಯವರು ಬಾಗಿಲಲ್ಲೇ ಕಾಗದ ಚಾಚಿ ಸಹಿ ಕೇಳಿದರೆ ಪೂರ್ತಿ ಓದಿ. ಕ್ಲೇಮ್ ಹಣದ ಹಕ್ಕನ್ನೇ ಅವರಿಗೆ ಬರೆದುಕೊಡುವ ಸಾಲು ಅದರಲ್ಲಿ ಇರಬಹುದು.

ಕ್ಲೇಮ್ ಹಾಕಿದ ಮೇಲೆ ಮೊದಲ ಚೆಕ್ ಚಿಕ್ಕದಾಗಿದ್ದರೆ ಗಾಬರಿ ಬೇಡ. ರಿಪ್ಲೇಸ್‌ಮೆಂಟ್ ಕಾಸ್ಟ್ ಪಾಲಿಸಿಯಾದರೆ (ಹಳೆಯದಕ್ಕೆ ಬದಲು ಹೊಸದು ಹಾಕುವ ಖರ್ಚು ಕೊಡುವಂಥದ್ದು) ಸಾಮಾನ್ಯವಾಗಿ ಮೊದಲು ಸವಕಳಿ ಕಳೆದು ಕೊಡುತ್ತಾರೆ, ರಿಪೇರಿ ಮುಗಿಸಿ ಬಿಲ್ ಕಳಿಸಿದ ಮೇಲೆ ಉಳಿದದ್ದು. ಅದಕ್ಕೂ ಗಡುವು ಇರುತ್ತದೆ, ನಿಮ್ಮ ಪಾಲಿಸಿಯಲ್ಲಿ ಎಷ್ಟು ದಿನ ಅಂತ ನೋಡಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ.